ಹಗ್ಗ ಹಿಡಿದವನ ಉತ್ತರ

"ಗುರುಗಳೇ, ಜನ ಮಾತಾಡುವಾಗ ನಾನು ಅಡ್ಡ ಬಾಯಿ ಹಾಕುವುದಿಲ್ಲ. ಮನಸ್ಸಿಟ್ಟು ಕೇಳುತ್ತೇನೆ. ಆದರೂ ಅವರು ಅರ್ಧ ಹೇಳಿ ಎದ್ದು ಹೋಗುತ್ತಾರೆ. ಯಾಕೆ?"

ಹೀಗೆ ಕೇಳಿದವನ ಹೆಸರು ರೇವಣ. ಚಿಕ್ಕಂದಿನಿಂದ ಮಠದಲ್ಲೇ ಬೆಳೆದವನು. ಓದಿನಲ್ಲಿ ಮುಂದು, ಶಿಸ್ತಿನಲ್ಲಿ ಇನ್ನೂ ಮುಂದು. ದೂರದ ಒಂದು ಊರಿನಲ್ಲಿ ಮಠದ ಶಾಖೆಯಿತ್ತು. ಅಲ್ಲಿದ್ದ ಹಿರಿಯ ಸ್ವಾಮಿಗಳು ತೀರಿಕೊಂಡ ಮೇಲೆ ಊರಿನವರು ಬಂದು, ನಮಗೊಬ್ಬರನ್ನು ಕಳಿಸಿಕೊಡಿ ಎಂದು ಕೇಳಿಕೊಂಡಿದ್ದರು. ರೇವಣನನ್ನೇ ಕಳಿಸಬೇಕೆಂದು ಗುರುಗಳ ಮನಸ್ಸಿನಲ್ಲಿತ್ತು. ಅದಕ್ಕೆ ಮೊದಲು ಸ್ವಲ್ಪ ಪಳಗಲಿ ಎಂದು, ಮಠಕ್ಕೆ ಬಂದವರ ಕಷ್ಟಸುಖ ವಿಚಾರಿಸುವ ಕೆಲಸವನ್ನು ಅವನಿಗೆ ವಹಿಸಿದ್ದರು. ಗಂಟೆಗಟ್ಟಲೆ ಪುರಾಣ ಹೇಳಬಲ್ಲವನು ಈ ಸಣ್ಣ ಕೆಲಸದಲ್ಲಿ ಮುಗ್ಗರಿಸಿದ್ದ.

"ನಿನ್ನೆ ಒಬ್ಬ ತಾಯಿ ಬಂದಿದ್ದರು" ಎಂದು ರೇವಣ ಮುಂದುವರಿಸಿದ. "ಮಗಳ ವಿಷಯ ಎತ್ತಿದರು. ಗಂಡನ ಮನೆಯಿಂದ ಬಂದು ಕೂತಿದ್ದಾಳೆ, ಏನು ಕೇಳಿದರೂ ಬಾಯಿ ಬಿಡುವುದಿಲ್ಲ ಎಂದರು. ಅಲ್ಲಿಗೆ ನಿಲ್ಲಿಸಿ ನನ್ನ ಮುಖ ನೋಡಿದರು. ಮತ್ತೆ ಶುರು ಮಾಡಿದರು, ಮತ್ತೆ ನಿಲ್ಲಿಸಿದರು. ಕೊನೆಗೆ, ಇರಲಿ ಬಿಡಿ ಸ್ವಾಮಿ, ನಮ್ಮ ಗೋಳು ಇದ್ದದ್ದೇ ಎಂದು ಎದ್ದುಬಿಟ್ಟರು. ಆ ಮನೆಯಲ್ಲಿ ಏನಾಗಿದೆಯೋ ನನಗೆ ತಿಳಿಯಲೇ ಇಲ್ಲ. ಒಬ್ಬ ತಾಯಿಯ ಮಾತನ್ನು ಕೊನೆತನಕ ಕೇಳಲಾರದವನು ಒಂದು ಊರಿನ ಮಠಕ್ಕೆ ಹೋಗಿ ಏನು ಮಾಡಲಿ? ನನ್ನನ್ನು ಕಳಿಸಬೇಡಿ."

ಹೀಗೆ ಹೇಳಿದನಾದರೂ, ಹೋಗಬೇಕೆಂಬ ಆಸೆ ಅವನಿಗೆ ಬೆಟ್ಟದಷ್ಟಿತ್ತು.

ಗುರುಗಳು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಅವರ ಎರಡು ಕಣ್ಣೂ ಹೋಗಿ ವರ್ಷಗಳಾಗಿದ್ದವು. ಆದರೂ ಯಾರ ಕೈಯೂ ಹಿಡಿಯದೆ ಮಠದ ತುಂಬ ಓಡಾಡುತ್ತಿದ್ದರು. ಹೆಜ್ಜೆಯ ಸದ್ದಿನಲ್ಲೇ ಬಂದವರು ಯಾರೆಂದು ಹೇಳುತ್ತಿದ್ದರು. ಹೀಗಾಗಿ ಅವರಿಗೆ ಕಣ್ಣು ಕಾಣುವುದಿಲ್ಲ ಎಂಬುದೇ ಮಠದವರಿಗೆ ಮರೆತು ಹೋಗಿತ್ತು.

"ಆ ತಾಯಿ ಹೇಳುವಾಗ ನೀನು ಏನು ಮಾಡುತ್ತಿದ್ದೆ?" ಎಂದು ಗುರುಗಳು ಕೇಳಿದರು.

"ಏನೂ ಮಾಡಲಿಲ್ಲ. ಮೌನವಾಗಿ ಕೇಳುತ್ತಿದ್ದೆ." ಇದನ್ನು ಹೇಳುವಾಗ ಮಾತ್ರ ರೇವಣನ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು.

"ಮೌನ ಒಳ್ಳೆಯದೇ. ದೇವರಿಗೆ ಅದರಿಂದ ತೊಂದರೆಯಿಲ್ಲ" ಎಂದು ಗುರುಗಳು ನಕ್ಕರು. "ಕೂತುಕೋ. ಒಂದು ಕತೆ ಹೇಳುತ್ತೇನೆ. ಅದು ಮುಗಿದ ಮೇಲೆ, ಹೋಗುವುದೋ ಬಿಡುವುದೋ ನೀನೇ ಹೇಳುವೆಯಂತೆ."

ರೇವಣ ಅವರ ಎದುರಿಗೆ ಕೂತ. ಗುರುಗಳು ಶುರು ಮಾಡಿದರು.

ಒಂದು ಸೀಮೆಯಲ್ಲಿ ಒಬ್ಬ ಬಾವಿ ತೋಡುವವನಿದ್ದ. ಬಾವಿ ತೋಡುವುದು ಒಬ್ಬನಿಂದ ಆಗುವ ಕೆಲಸವಲ್ಲ. ಒಬ್ಬ ಕೆಳಗಿಳಿದು ಅಗೆಯಬೇಕು, ಇನ್ನೊಬ್ಬ ಮೇಲೆ ನಿಂತು ಹಗ್ಗ ಹಿಡಿಯಬೇಕು. ಕೆಳಗಿನವನು ಮಣ್ಣನ್ನು ಮಂಕರಿಗೆ ತುಂಬುತ್ತಾನೆ. ಮೇಲಿನವನು ರಾಟೆಯ ಮೇಲೆ ಹಗ್ಗ ಎಳೆದು, ಮಂಕರಿಯನ್ನು ಎತ್ತಿ, ಮಣ್ಣನ್ನು ಆಚೆ ಸುರಿಯುತ್ತಾನೆ. ಬಾವಿ ಆಳವಾಗುತ್ತ ಹೋದ ಹಾಗೆ ಕೆಳಗಿನವನಿಗೆ ಮೇಲಿನವನು ಕಾಣುವುದಿಲ್ಲ. ತಲೆಯೆತ್ತಿದರೆ ಕಣ್ಣಿಗೆ ಬಿಸಿಲು ಹೊಡೆಯುತ್ತದೆ, ಇಲ್ಲವೇ ಮಣ್ಣು ಬೀಳುತ್ತದೆ. ಅವನ ಪಾಲಿಗೆ ಮೇಲಿನವನು ಅಂದರೆ ಒಂದು ದನಿ, ಅಷ್ಟೇ.

ಬಹಳ ಕಾಲ ಇವನಿಗೆ ಹಗ್ಗ ಹಿಡಿದವನು ಇವನ ಮಾವ, ಹೆಂಡತಿಯ ಅಪ್ಪ. ಆ ಮುದುಕ ತನಗೆ ತಾನೇ ಕೆಲವು ಕಟ್ಟುಪಾಡು ಹಾಕಿಕೊಂಡಿದ್ದ. ಕೆಳಗಿನಿಂದ "ಮಾವ, ಇದ್ದೀರಾ?" ಎಂಬ ಕೂಗು ಬಂದರೆ, ಕೈಯಲ್ಲಿ ಏನೇ ಕೆಲಸವಿರಲಿ, "ಇದ್ದೀನಪ್ಪಾ" ಎಂದು ಬಾಯಿ ತುಂಬ ಹೇಳುತ್ತಿದ್ದ. ಮಂಕರಿ ಇಳಿಸುವ ಮುನ್ನ "ಬಿಡ್ತೀನಿ" ಅನ್ನುತ್ತಿದ್ದ. ಕೆಳಗಿನಿಂದ "ಬಿಡಿ" ಎಂದು ಬರುವ ತನಕ ಹಗ್ಗ ಸಡಿಲಿಸುತ್ತಿರಲಿಲ್ಲ. ನೀರು ಕುಡಿಯಲು ಹೋಗುವುದಾದರೂ ಹೇಳಿ ಹೋಗಿ, ಬಂದ ಮೇಲೆ ಬಂದೆ ಅನ್ನುತ್ತಿದ್ದ. ಇದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಮುದುಕನಿಗೆ ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಮಣ್ಣಿನ ಕಟ್ಟುಪಾಡು. ಮೇಲಿನವನ ಕಾಲು ತಗುಲಿ ಬಾವಿಯೊಳಕ್ಕೆ ಒಂದು ಹಿಡಿ ಮಣ್ಣು ಉದುರಿದರೂ ಅವನು "ನನ್ನದು" ಎಂದು ಒಪ್ಪಿಕೊಳ್ಳಬೇಕು. ಯಾಕೆಂದರೆ ಬಾವಿಯ ಗೋಡೆ ಕುಸಿಯುವ ಮುನ್ನ ಮೊದಲು ಉದುರುವುದೂ ಒಂದು ಹಿಡಿ ಮಣ್ಣೇ. ಕೆಳಗಿನವನ ತಲೆಯ ಮೇಲೆ ಎರಡೂ ಒಂದೇ ಥರ ಬೀಳುತ್ತವೆ. ಆಗ ಅವನು "ಮಣ್ಣು ನಿಂದಾ?" ಎಂದು ಕೂಗಿ ಕೇಳುತ್ತಾನೆ. ನನ್ನದು ಎಂದರೆ ಅಗೆಯುವುದನ್ನು ಮುಂದುವರಿಸುತ್ತಾನೆ. ನನ್ನದಲ್ಲ ಎಂದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಸಾಕಿ ಹಗ್ಗ ಹಿಡಿದು ಮೇಲೆ ಬರುತ್ತಾನೆ. ಬಾವಿ ತೋಡುವವರ ಆಯುಸ್ಸು ಇರುವುದು ಈ ಒಂದು ಮಾತಿನಲ್ಲಿ.

ಮಾವ ಮೇಲಿದ್ದಷ್ಟು ಕಾಲ ಅವನಿಗೆ ಬಾವಿಯ ತಳವೂ ಒಂದೇ, ಮನೆಯ ಜಗಲಿಯೂ ಒಂದೇ. ತಲೆಯೆತ್ತಿ ನೋಡಬೇಕೆಂದು ಒಂದು ದಿನವೂ ಅವನಿಗೆ ಅನ್ನಿಸಲಿಲ್ಲ.

ಆಮೇಲೆ ಮುದುಕನ ಮಂಡಿ ಸೋತವು. ಅವನು ಹಗ್ಗವನ್ನು ತನ್ನ ಮಗನ ಕೈಗೆ ಕೊಟ್ಟ. ಅಂದರೆ ನಮ್ಮ ಬಾವಿ ತೋಡುವವನ ಬಾಮೈದನಿಗೆ.

ಬಾಮೈದ ಒಳ್ಳೆಯ ಹುಡುಗ. ಎತ್ತಿನಂಥ ಆಳು. ಅಪ್ಪ ಎರಡು ಸಲ ಉಸಿರು ತೆಗೆದುಕೊಂಡು ಎಳೆಯುತ್ತಿದ್ದ ಮಂಕರಿಯನ್ನು ಇವನು ಒಂದೇ ಉಸಿರಿಗೆ ಎಳೆದು ಹಾಕುತ್ತಿದ್ದ. ಹಗ್ಗದ ಮೇಲಿನ ಕಣ್ಣು ಆಚೀಚೆ ಹೋಗುತ್ತಿರಲಿಲ್ಲ. ಅಕ್ಕನ ಗಂಡನೆಂದರೆ ಅವನಿಗೆ ಪ್ರಾಣ. ಆದರೆ ಕೆಲಸದ ನಡುವೆ ಮಾತು ಯಾಕೆ ಎನ್ನುವುದು ಅವನಿಗೆ ಅರ್ಥವಾಗುತ್ತಿರಲಿಲ್ಲ. ಅಪ್ಪನ ಕಟ್ಟುಪಾಡುಗಳೆಲ್ಲ ವಯಸ್ಸಾದವರ ಗೊಣಗಾಟದ ಹಾಗೆ ಕಂಡಿದ್ದವು.

ಮೊದಲ ದಿನ ಕೆಳಗಿನಿಂದ ಭಾವ ಕೂಗಿದ: "ಲೋ, ಇದ್ದೀಯಾ?"

"ಇರದೆ ಎಲ್ಲಿಗೆ ಹೋಗ್ಲಿ ಭಾವ? ಹಗ್ಗ ನನ್ ಕೈಲೇ ಐತಲ್ಲ!"

ಸ್ವಲ್ಪ ಹೊತ್ತು ಬಿಟ್ಟು ಭಾವ ಮತ್ತೆ ಕೂಗಿದ. ಬಾಮೈದ ಬಾವಿಯೊಳಕ್ಕೆ ಬಗ್ಗಿ ಹೇಳಿದ: "ಇದ್ದೀನಿ, ಇದ್ದೀನಿ, ಇದ್ದೀನಿ! ಸಂಜೆ ತನಕ ಆಗೋವಷ್ಟು ಈಗ್ಲೇ ಹೇಳ್ಬಿಟ್ಟಿದೀನಿ. ಇನ್ ಸುಮ್ನೆ ಅಗಿ ಭಾವ."

ಭಾವ ಕೆಳಗೆ ನಕ್ಕ. ಬಾಮೈದನ ಮೇಲೆ ಸಿಟ್ಟು ಮಾಡಿಕೊಂಡು ಬದುಕುವುದುಂಟೇ? ರಾತ್ರಿ ಊಟ ಬಡಿಸುವವಳು ಅವನ ಅಕ್ಕ ತಾನೇ.

ಹೊಸತರಲ್ಲಿ ಹೀಗೆ ತಮಾಷೆಗಾದರೂ ಮಾತು ಬರುತ್ತಿತ್ತು. ದಿನ ಕಳೆದ ಹಾಗೆ ಅದೂ ನಿಂತಿತು. ಕೆಳಗಿನಿಂದ "ಇದ್ದೀಯಾ?" ಎಂದು ಬಂದರೆ ಬಾಮೈದ ತಲೆಯಾಡಿಸುತ್ತಿದ್ದ. "ಮಣ್ಣು ನಿಂದಾ?" ಎಂದು ಬಂದರೆ, ತನ್ನದಾದರೆ ಮೇಲಕ್ಕೆ ಕೆಳಕ್ಕೆ, ಅಲ್ಲವಾದರೆ ಅತ್ತ ಇತ್ತ ಆಡಿಸುತ್ತಿದ್ದ. ನೀನು ಇದನ್ನು ಸೊಕ್ಕು ಅಂದುಕೊಳ್ಳಬೇಡ. ಒಂದು ಸಲವೂ ಸುಳ್ಳು ಆಡಿಸಿದವನಲ್ಲ, ಒಂದು ಕೂಗನ್ನೂ ತಪ್ಪಿಸಿದವನಲ್ಲ. ಕೇಳಿದ ಮಾತಿಗೆ ತಾನು ಉತ್ತರ ಕೊಟ್ಟೆ ಎಂದೇ ಅವನು ನಂಬಿದ್ದ.

ಗುರುಗಳು ಇಲ್ಲಿ ಒಂದು ಗಳಿಗೆ ನಿಲ್ಲಿಸಿದರು. ರೇವಣನಿಗೆ ನಗು ಬಂತು. ಬಾವಿಯ ಬಾಯಲ್ಲಿ ನಿಂತು ಯಾರಿಗೂ ಕಾಣದ ತಲೆಯನ್ನು ಆಡಿಸುವವನ ಚಿತ್ರ ಕಣ್ಣಿಗೆ ಕಟ್ಟಿತು. ಅರ್ಥವಾಯಿತು ಎಂಬಂತೆ ಅವನು ತಲೆಯಾಡಿಸಿದ. ಗುರುಗಳು ಮುಂದೆ ಹೇಳಿದರು.

ಈಗ ಕೆಳಗಿನವನ ಕಡೆಯಿಂದ ನೋಡು. ಅವನು ಕೂಗುತ್ತಾನೆ, ಉತ್ತರವಿಲ್ಲ. ಹಗ್ಗ ಬರುತ್ತದೆ, ಮಂಕರಿ ಬರುತ್ತದೆ, ಎಲ್ಲ ಸರಿಯಾಗಿಯೇ ಬರುತ್ತದೆ. ದನಿ ಮಾತ್ರ ಬರುವುದಿಲ್ಲ. ಮೇಲಿನವನು ಸುಮ್ಮನಾದರೆ ಕೆಳಗಿನವನ ಮನಸ್ಸು ತಾನೇ ಮಾತಾಡಲು ಶುರು ಮಾಡುತ್ತದೆ. ಇವನಿಗೆ ನನ್ನ ಮೇಲೆ ಬೇಸರವೋ? ಮೊನ್ನೆ ಊಟಕ್ಕೆ ಕೂತಾಗ ನಾನೇನಾದರೂ ಅಂದೆನೋ? ಅವನ ಅಕ್ಕ ಅವನ ಹತ್ತಿರ ನನ್ನ ಮೇಲೆ ದೂರು ಹೇಳಿರಬಹುದೋ? ಹೀಗೆ ಒಂದಕ್ಕೆ ನಾಲ್ಕು ಸೇರಿಸುತ್ತ ಹೋಗುತ್ತದೆ. ಆ ಮನುಷ್ಯ ಅಗೆಯುವುದನ್ನು ಬಿಟ್ಟು ಮೇಲೆ ನೋಡುವುದನ್ನು ಕಲಿತ.

ಮಣ್ಣು ಉದುರಿದರಂತೂ ಪ್ರಾಣಸಂಕಟ. "ಮಣ್ಣು ನಿಂದಾ?" ಎಂದು ಕೇಳಿದರೆ ಉತ್ತರವಿಲ್ಲ. ಅದನ್ನು ಹೌದು ಅನ್ನಬೇಕೋ, ಅಲ್ಲ ಅನ್ನಬೇಕೋ? ಅನುಮಾನ ಇದ್ದಮೇಲೆ ಮೇಲೆ ಬರುವುದೇ ವಾಸಿ ಎಂದು ಅವನು ಪ್ರತಿ ಸಲವೂ ಹಗ್ಗ ಹಿಡಿದು ಹತ್ತಿ ಬರುತ್ತಿದ್ದ. ಬಂದು ನೋಡಿದರೆ ಬಾಮೈದ ನೆಟ್ಟಗೆ ನಿಂತಿರುತ್ತಿದ್ದ, ಗೋಡೆಯೂ ನೆಟ್ಟಗೆ ನಿಂತಿರುತ್ತಿತ್ತು.

"ನಾನು ಕೂಗಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ದೆ ಏನು? ನನ್ ಕಿವಿ ಸರಿಯಾಗೇ ಐತೆ ಭಾವ."

ಭಾವ ಇನ್ನೇನು ಕೇಳಬೇಕು? ಕೇಳಿಸಿಯೂ ಉತ್ತರ ಕೊಡದವನ ಹತ್ತಿರ ಉತ್ತರ ಕೊಡು ಎಂದು ಅಂಗಲಾಚುವುದಕ್ಕೆ ಅವನಿಗೆ ಮನಸ್ಸಾಗಲಿಲ್ಲ. ಬಾಮೈದನಿಗೂ ಒಳಗೊಳಗೆ ನೋವಾಯಿತು. ಇಷ್ಟು ದಿನ ಒಂದು ಸಲವಾದರೂ ಹಗ್ಗ ಜಾರಿಸಿದೆನೇ? ಆದರೂ ಭಾವನಿಗೆ ನನ್ನ ಮೇಲೆ ನಂಬಿಕೆಯಿಲ್ಲ, ಗಳಿಗೆಗೊಂದು ಸಲ ಪರೀಕ್ಷೆ ಮಾಡುತ್ತಾನೆ ಎಂದುಕೊಂಡ. ಇಬ್ಬರೂ ಒಂದೇ ತಟ್ಟೆಯಿಂದ ಮುದ್ದೆ ಮುರಿದು ತಿನ್ನುವಷ್ಟು ಹತ್ತಿರದವರು. ಆದರೆ ಮನಸ್ಸಿನಲ್ಲಿರುವುದನ್ನು ಒಬ್ಬನೂ ಬಾಯಿ ಬಿಟ್ಟು ಹೇಳಲಿಲ್ಲ.

"ಇದರಲ್ಲಿ ಯಾರದು ತಪ್ಪು ಅನ್ನುತ್ತೀ?" ಎಂದು ಗುರುಗಳು ಕತೆ ನಿಲ್ಲಿಸಿ ಕೇಳಿದರು.

ರೇವಣ ಯೋಚಿಸಿದ. ಇಬ್ಬರದೂ ಅಲ್ಲ, ಇಬ್ಬರದೂ ಹೌದು ಅನ್ನಿಸಿತು. ಗುರುಗಳ ಕತೆಯ ನಡುವೆ ತಾನು ಅಡ್ಡ ಬರುವುದು ಮರ್ಯಾದೆಯಲ್ಲ ಎಂದುಕೊಂಡು, ನೀವೇ ಹೇಳಿ ಎಂಬಂತೆ ಕೈ ಮುಗಿದ. ಗುರುಗಳು ಸ್ವಲ್ಪ ಕಾದು, ಕತೆಯ ಎಳೆ ಮತ್ತೆ ಹಿಡಿದರು.

ಆಗ ಅವರು ತೋಡುತ್ತಿದ್ದದ್ದು ಒಂದು ಹಟ್ಟಿಯ ಕುಡಿಯುವ ನೀರಿನ ಬಾವಿ. ಹಟ್ಟಿಯ ಹೆಂಗಸರು ದೂರದ ಹಳ್ಳದಿಂದ ನೀರು ಹೊರುತ್ತಿದ್ದರು. ಬಾವಿಯಲ್ಲಿ ಜಲ ಕಾಣುವುದು ಯಾವಾಗ ಎಂದು ದಿನವೂ ಬಂದು ಬಗ್ಗಿ ನೋಡಿ ಹೋಗುತ್ತಿದ್ದರು. ಕೆಲಸ ಮಾತ್ರ ಮುಂದೆ ಸಾಗುತ್ತಿರಲಿಲ್ಲ. ಅಗೆಯುವವನು ಕೆಳಗಿರುವುದಕ್ಕಿಂತ ಹೆಚ್ಚು ಹೊತ್ತು ಹಗ್ಗದ ಮೇಲಿರುತ್ತಿದ್ದ. ಜನ ಸುಮ್ಮನಿರುತ್ತಾರೆಯೇ? "ಬಾವಿ ತೋಡೋಕೆ ಬಂದೋನೋ, ಬಾವಿ ಹತ್ತೋಕೆ ಬಂದೋನೋ?" ಎಂದು ಒಬ್ಬ ಅಂದ. ಉಳಿದವರು ನಕ್ಕರು. ಬಾಮೈದನಿಗೆ ತನಗೇ ಅವಮಾನವಾದಷ್ಟು ಸಂಕಟವಾಯಿತು.

"ಭಾವ, ಜನ ಆಡ್ಕೋತಾವ್ರೆ. ಒಂದ್ ಹಿಡಿ ಮಣ್ಣಿಗೆಲ್ಲ ಹತ್ತಿ ಬರ್ಬೇಡ. ನಾನಿಲ್ವಾ ಮೇಲೆ?" ಎಂದ.

ಅಷ್ಟು ಪ್ರೀತಿಯಿಂದಲೇ ಅಂದದ್ದು. ಭಾವ ಅದನ್ನು ಬೇರೆ ಥರ ತೆಗೆದುಕೊಂಡ. ಬಾಮೈದನ ಕಣ್ಣಿಗೂ ನಾನು ಪುಕ್ಕಲನಾದೆನಲ್ಲ ಎಂದುಕೊಂಡ. ಇವತ್ತು ಆಕಾಶ ಕಳಚಿ ಬಿದ್ದರೂ ಸಂಜೆಯ ತನಕ ಹತ್ತುವುದಿಲ್ಲ ಎಂದು ಹಟ ತೊಟ್ಟು ಇಳಿದ.

ಬಿಸಿಲು ಏರುವ ಹೊತ್ತಿಗೆ ಅವನ ಬೆನ್ನ ಮೇಲೆ ಒಂದು ಹಿಡಿ ಮಣ್ಣು ಉದುರಿತು.

"ಮಣ್ಣು ನಿಂದೇನೋ?"

ಬಾಮೈದ ಮೇಲೆ ಮಂಕರಿ ಸುರಿಯುತ್ತಿದ್ದ. ಅವನು ಬಾವಿಯ ಅಂಚಿನ ಹತ್ತಿರವೂ ಇರಲಿಲ್ಲ. ಆದದ್ದರಿಂದ, ನನ್ನದಲ್ಲ ಎಂದು ಅತ್ತ ಇತ್ತ ತಲೆಯಾಡಿಸಿದ.

ಕೆಳಗಿನವನು ಕಾದ. ಉತ್ತರವಿಲ್ಲ. ಎಂದಿನ ಹಾಗೇ ಉತ್ತರವಿಲ್ಲ. ಇವನ ಕಾಲಿನದೇ ಇರಬೇಕು ಎಂದುಕೊಂಡು ಹಾರೆ ಎತ್ತಿದ.

ಗೋಡೆಯ ಒಂದು ಮಗ್ಗುಲು ಹಾಗೇ ಕಳಚಿಕೊಂಡು ಕೆಳಗೆ ಬಂತು.

ಬಾಮೈದ ಓಡಿ ಬಂದು ಬಗ್ಗಿ ನೋಡಿದ. ಧೂಳು ಬಿಟ್ಟರೆ ಏನೂ ಕಾಣಲಿಲ್ಲ. "ಭಾವಾ!" ಎಂದು ಕೂಗಿದ. ಉತ್ತರವಿಲ್ಲ. "ಭಾವಾ, ಇದ್ದೀಯಾ?" ಎಂದು ಗಂಟಲು ಹರಿಯುವ ಹಾಗೆ ಕೂಗಿದ. ಉತ್ತರವಿಲ್ಲ. ಅವನು ಹುಟ್ಟಿದಾಗಿನಿಂದ ಅಂಥ ಮೌನ ಕೇಳಿರಲಿಲ್ಲ. ಆ ಒಂದು ಗಳಿಗೆಯಲ್ಲಿ ಅವನ ಮನಸ್ಸು ಏನೇನು ಮಾತಾಡಿತೋ ಅವನಿಗೇ ಗೊತ್ತು. ಭಾವ ಹೋದ. ಅಕ್ಕನಿಗೆ ಏನು ಹೇಳಲಿ? ಅಪ್ಪನ ಮುಂದೆ ಹೇಗೆ ನಿಲ್ಲಲಿ? ಅವನು ಅಂಚಿನಲ್ಲೇ ಕುಸಿದು ಕೂತ.

ಆಗ ಕೆಳಗಿನಿಂದ ಒಂದು ಸದ್ದು ಬಂತು. ಹಾರೆಯನ್ನು ಕಲ್ಲಿಗೆ ಕುಟ್ಟಿದ ಸದ್ದು. ಟಣ್ ಎಂದು ಒಂದು ಸಲ. ತಡೆದು, ಇನ್ನೊಂದು ಸಲ.

ರೇವಣ, ಆ ಬಾಮೈದ ಸದ್ದು ಕೇಳಿ ಮಗುವಿನ ಹಾಗೆ ಅತ್ತುಬಿಟ್ಟ. ಅಳುತ್ತಲೇ ಬಾವಿಯೊಳಕ್ಕೆ ಕೂಗಿದ: "ಇದ್ದೀನಿ ಭಾವ! ಇದ್ದೀನಿ! ಇಲ್ಲೇ ಇದ್ದೀನಿ, ಬರ್ತಾ ಇದ್ದೀನಿ!" ಇಷ್ಟು ದಿನ ಬಾಕಿ ಉಳಿಸಿಕೊಂಡಿದ್ದನ್ನೆಲ್ಲ ಅವನು ಆ ಹೊತ್ತು ಒಟ್ಟಿಗೆ ಹೇಳಿದ.

ಅವನ ಕೂಗಿಗೆ ಹಟ್ಟಿಯವರು ಓಡಿ ಬಂದರು. ಬಾಮೈದ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡ. ಇನ್ನೊಂದು ತುದಿಯನ್ನು ಗಂಡಸರ ಕೈಗೆ ಕೊಟ್ಟು ಕೆಳಗಿಳಿದ. ಅವನ ಭಾವ ಎದೆಯ ತನಕ ಮಣ್ಣಿನಲ್ಲಿ ಹೂತುಹೋಗಿದ್ದ. ಒಂದು ಕೈ ಮಾತ್ರ ಹೊರಗಿತ್ತು. ಆ ಕೈಯಲ್ಲಿ ಹಾರೆಯಿತ್ತು. ಬಾಯಿ, ಮೂಗು, ಗಂಟಲು ಎಲ್ಲ ಮಣ್ಣು. ಗುದ್ದಲಿ ಆಡಿಸಿದರೆ ಎಲ್ಲಿ ತಗುಲುತ್ತದೋ ಎಂದು ಬಾಮೈದ ಬರಿಗೈಯಿಂದಲೇ ಮಣ್ಣು ಬಗೆಯತೊಡಗಿದ.

ಸ್ವಲ್ಪ ಹೊತ್ತಿಗೆ ಅವನ ಕುತ್ತಿಗೆಯ ಮೇಲೆ ಒಂದು ಹಿಡಿ ಮಣ್ಣು ಉದುರಿತು.

ಅವನ ಕೈ ನಿಂತಿತು. "ಮಣ್ಣು ಯಾರ್ದು?" ಎಂದು ಮೇಲಕ್ಕೆ ಕೂಗಿದ.

ಹಗ್ಗ ಹಿಡಿದವರಲ್ಲಿ ಒಬ್ಬನ ಕಾಲು ಅಂಚಿಗೆ ತಗುಲಿತ್ತು. ನನ್ನದೇ ಎಂದು ಅವನು ತಲೆಯಾಡಿಸಿದ. ಅವನದೇ ಎಂದು ಪಕ್ಕದವರೂ ತಲೆಯಾಡಿಸಿದರು. ಒಳ್ಳೆಯ ಜನ, ಮನಸ್ಸಿಟ್ಟೇ ಆಡಿಸಿದರು.

ಕೆಳಗಿದ್ದವನಿಗೆ ಕಂಡದ್ದು ಬಿಸಿಲು ಮಾತ್ರ. ಅವನಿಗೆ ತನ್ನ ಅಪ್ಪ ನೆನಪಾದ. ಕೆಳಗಿನಿಂದ ಕೂಗಿ ಕೂಗಿ ಸೋತ ಭಾವನ ಒಂದೊಂದು ಕೂಗೂ ನೆನಪಾಯಿತು. ಅವುಗಳಲ್ಲಿ ಒಂದು ಕೂಗಿಗೂ ತನ್ನ ದನಿ ಕೆಳಗೆ ಮುಟ್ಟಿರಲಿಲ್ಲ ಎಂಬುದು ಆಗ ಅವನ ತಲೆಗೆ ಹೋಯಿತು. "ಬಾಯ್ ಬಿಟ್ ಹೇಳ್ರೋ! ನಿಮ್ ದಮ್ಮಯ್ಯ, ಬಾಯ್ ಬಿಟ್ ಹೇಳಿ!" ಎಂದು ಅವನು ಗೋಗರೆದ.

"ನಂದು ಕಣಪ್ಪಾ! ನನ್ ಕಾಲ್ ತಗುಲ್ತು!" ಎಂದು ಮೇಲಿನಿಂದ ದನಿ ಬಂತು.

ಅಷ್ಟೇ ಮಾತು. ಅವನ ಕೈಗೆ ಮತ್ತೆ ಶಕ್ತಿ ಬಂತು. ಅವನು ಬಗೆದ, ಬಗೆದ, ಉಗುರು ಕಿತ್ತು ರಕ್ತ ಬಂದರೂ ಬಗೆದ. ಭಾವನನ್ನು ಹಗ್ಗಕ್ಕೆ ಕಟ್ಟಿ ಮೇಲಕ್ಕೆ ಕಳಿಸಿದ.

ಮೇಲೆ ಬೇವಿನ ಮರದ ಕೆಳಗೆ ಮಲಗಿಸಿದರು. ಹೆಂಗಸರು ಹಳ್ಳದಿಂದ ಹೊತ್ತು ತಂದಿದ್ದ ನೀರಿನಲ್ಲಿ ಅವನ ಬಾಯಿ ತೊಳೆದರು. ಪಕ್ಕೆಯ ಎಲುಬು ಮುರಿದಿದ್ದವು, ಜೀವಕ್ಕೆ ಅಪಾಯವಿರಲಿಲ್ಲ. ಬಾಮೈದ ಅವನ ಕಾಲ ಬಳಿ ಕೂತು ಬಿಕ್ಕುತ್ತಿದ್ದ.

"ಭಾವ, ನಂದಲ್ಲ ಅಂತ ಆಗ್ಲೇ ತಲೆ ಆಡಿಸ್ದೆ. ದೇವ್ರಾಣೆ ಆಡಿಸ್ದೆ. ಪ್ರತಿ ಸಲಾನೂ ಆಡಿಸ್ತಿದ್ದೆ."

ಭಾವ ಅವನ ಮುಖ ನೋಡಿದ. ಇಷ್ಟು ದಿನ ತಾನು ಕೂಗಿದ್ದಕ್ಕೆಲ್ಲ ಉತ್ತರವಿತ್ತು, ತನಗೆ ಮುಟ್ಟಲಿಲ್ಲ ಅಷ್ಟೇ ಎಂಬುದು ಅವನಿಗೆ ಈಗ ತಿಳಿಯಿತು. ಅವನ ಮನಸ್ಸಿನ ಭಾರವೆಲ್ಲ ಇಳಿದುಹೋಯಿತು. ಪಕ್ಕೆ ನೋವಿನಲ್ಲೂ ಅವನಿಗೆ ನಗು ಬಂತು.

"ನೀನು ಮೇಲಿಂದ ಇದ್ದೀಯಾ ಅಂತ ಕೂಗ್ದಾಗ ನನ್ ಬಾಯ್ ತುಂಬ ಮಣ್ಣಿತ್ತು ಕಣೋ" ಎಂದ. "ನಾನೂ ತಲೆ ಆಡಿಸ್ದೆ. ನಿಂಗೆ ಕಾಣಿಸ್ಲಿಲ್ವಾ?"

ಬಾಮೈದ ಅಳುವುದೋ ನಗುವುದೋ ತಿಳಿಯದೆ ಅವನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡ.

ಎಲುಬು ಕೂಡಿಕೊಂಡ ಮೇಲೆ ಭಾವ ಅದೇ ಬಾವಿಗೆ ಇಳಿದ. ಬೇರೆ ಯಾರನ್ನಾದರೂ ಹಗ್ಗಕ್ಕೆ ನಿಲ್ಲಿಸು ಎಂದು ಹಟ್ಟಿಯವರು ಹೇಳಿದರು. ಅವನು ಒಪ್ಪಲಿಲ್ಲ. ಇವನಷ್ಟು ಚೆನ್ನಾಗಿ ಕಲಿತವನು ಈ ಸೀಮೆಯಲ್ಲೇ ಇನ್ನೊಬ್ಬನಿಲ್ಲ ಎಂದ. ಸಡಿಲ ಮಣ್ಣಿದ್ದ ಕಡೆ ಕಲ್ಲು ಕಟ್ಟಿ ಭದ್ರ ಮಾಡಿದರು. ಆಮೇಲೆ ಆ ಬಾವಿಯ ಸುತ್ತ ಮಾತು ನಿಲ್ಲಲಿಲ್ಲ. "ಇದ್ದೀಯಾ?" "ಇದ್ದೀನಿ ಭಾವ." "ಬಿಡ್ತೀನಿ." "ಬಿಡು." "ಮಣ್ಣು ನಂದು, ಹೆದರ್ಬೇಡ." ಕೇಳಿದವರಿಗೆ ಮಕ್ಕಳಾಟದ ಹಾಗೆ ಕಾಣುತ್ತಿತ್ತು. ಅಗೆಯುವವನು ಮಾತ್ರ ತಲೆಯೆತ್ತದೆ ಅಗೆಯುತ್ತಿದ್ದ. ಹಿಂದಿನ ಎಲ್ಲ ದಿನಗಳ ಕೆಲಸವನ್ನು ಮೀರಿ ಬಾವಿ ಆಳಕ್ಕೆ ಹೋಯಿತು. ಒಂದು ಬೆಳಿಗ್ಗೆ ಅವನ ಕಾಲ ಬೆರಳ ಸಂದಿಯಲ್ಲಿ ತಣ್ಣಗೆ ನೀರು ಜಿನುಗಿತು.

"ಜಲ ಬಂತು ಕಣೋ!" ಎಂದು ಅವನು ಕೂಗಿದ.

"ಕೇಳಿಸ್ತು ಭಾವ! ಜಲ ಬಂತು!" ಎಂದು ಬಾಮೈದ ಇಡೀ ಹಟ್ಟಿಗೆ ಕೇಳಿಸುವ ಹಾಗೆ ಹೇಳಿದ.

ಮನೆಯಲ್ಲಿ ಅವನ ಅಕ್ಕನಿಗೆ ಆಶ್ಚರ್ಯವೋ ಆಶ್ಚರ್ಯ. ಅಡುಗೆ ಮನೆಯಿಂದ ಒಂದು ಕೂಗು ಹಾಕಿದರೆ ತಮ್ಮ ಈಗ "ಬಂದೆ ಕಣಕ್ಕ" ಅನ್ನುತ್ತಿದ್ದ. ಬರಲಾಗದಿದ್ದರೆ ಈಗಾಗಲ್ಲ ಎಂದಾದರೂ ಹೇಳುತ್ತಿದ್ದ. ಚೊಂಬು ಕೈತಪ್ಪಿ ಬಿದ್ದರೆ, ಬೀಳಿಸಿದ್ದು ನಾನೇ ಎಂದು ಕೇಳುವ ಮೊದಲೇ ಒಪ್ಪಿಕೊಳ್ಳುತ್ತಿದ್ದ. ಮಂಡಿ ನೀವಿಕೊಳ್ಳುತ್ತ ಕೂತಿದ್ದ ಅವರ ಅಪ್ಪ ಇದನ್ನೆಲ್ಲ ಕೇಳಿಸಿಕೊಂಡು ಏನೂ ಅರಿಯದವನಂತೆ ಎಲೆಗೆ ಸುಣ್ಣ ಸವರುತ್ತಿದ್ದ.

ಗುರುಗಳ ಕತೆ ಮುಗಿಯಿತು.

ರೇವಣನ ಕಣ್ಣು ಒದ್ದೆಯಾಗಿದ್ದವು. ಅವನ ಮನಸ್ಸಿನಲ್ಲಿ ಈಗ ನಿನ್ನೆಯ ಆ ತಾಯಿ ಬಂದು ಕೂತಿದ್ದರು. ಮಗಳ ಮಾತು ಎತ್ತಿ ನಿಲ್ಲಿಸಿ, ತನ್ನ ಮುಖ ನೋಡಿದ್ದರು. ಅವರು ಕೇಳಿದ್ದು ಉಪದೇಶವನ್ನಲ್ಲ, ಒಂದು ಹೂಂ ಅನ್ನು. ಅಯ್ಯೋ ಎಂಬ ಒಂದು ಮಾತನ್ನು. ಆಮೇಲೇನಾಯಿತಮ್ಮಾ ಎಂಬ ಒಂದು ಮಾತನ್ನು. ತಾನು ಕಲ್ಲಿನ ಹಾಗೆ ಕೂತಿದ್ದ. ಆ ತಾಯಿ ಬಾವಿಯ ತಳದಿಂದ ಎರಡು ಸಲ ಕೂಗಿ, ಮೇಲೆ ಯಾರೂ ಇಲ್ಲ ಎಂದುಕೊಂಡು ಹೋಗಿದ್ದರು. ಇಂದೇ ಅವರ ಮನೆ ಹುಡುಕಿಕೊಂಡು ಹೋಗಬೇಕು ಎಂದು ಅವನು ನಿಶ್ಚಯಿಸಿದ. ಶಾಖಾಮಠಕ್ಕೆ ಹೋಗುವ ಧೈರ್ಯವೂ ಅವನಿಗೆ ಬಂದಿತ್ತು. ಕಲಿಯಬೇಕಾದ್ದು ಇಷ್ಟೇ ಆದರೆ ಅದನ್ನು ತಾನು ಖಂಡಿತ ಕಲಿಯಬಲ್ಲೆ ಅನ್ನಿಸಿತು. ಎದೆ ತುಂಬಿ ಬಂದು, ಅವನು ಗುರುಗಳ ಕಡೆಗೆ ಕೈ ಮುಗಿದು ನಿಧಾನವಾಗಿ, ಬಹಳ ಹೊತ್ತು ತಲೆಯಾಡಿಸಿದ.

ಗುರುಗಳು ಕಾದರು. ಜಗಲಿಯಲ್ಲಿ ಯಾವ ಸದ್ದೂ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರು ತಮ್ಮ ಕಾಣದ ಕಣ್ಣುಗಳನ್ನು ಶಿಷ್ಯ ಕೂತಿದ್ದ ಕಡೆಗೆ ತಿರುಗಿಸಿ, ಮೆಲ್ಲನೆ ಕೇಳಿದರು:

"ರೇವಣಾ, ಇದ್ದೀಯಾ?"